ಉಬ್ಬಸದ ಮನೆಯ ನಿದ್ದೆ

ಆಸ್ಪತ್ರೆ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಆಂಟಿ, ರಕ್ತ ನೋಡಿದ್ರೆ ನಿಮಗೆ ಹೆದರಿಕೆ ಆಗ್ತಿರಲಿಲ್ವಾ?" ರಕ್ತ ಬೇಗ ಅಭ್ಯಾಸವಾಗುತ್ತದೆ ಕಣ್ರಮ್ಮಾ. ವಾಸನೆಯೂ ಅಷ್ಟೇ. ಸೇವೆಯ ಕೊನೆಯ ದಿನದವರೆಗೂ ನನಗೆ ಅಭ್ಯಾಸವಾಗದೆ ಉಳಿದದ್ದು ಒಂದು ಮಾತು. ಶ್ವಾಸಕೋಶ ಹಾಳಾಗಿ ವರ್ಷಗಟ್ಟಲೆ ಏದುಸಿರು ಬಿಡುತ್ತಿರುವವರ ಮನೆಗೆ ಹೋದಾಗ, ಮನೆಯವರು ನಗುನಗುತ್ತಾ, "ಇವತ್ತು ಭಾಳ ಚೆನ್ನಾಗಿ ಮಲಗ್ಯಾರ್ರೀ ಸಿಸ್ಟ್ರೇ, ಎಬ್ಬಿಸಿದ್ರೂ ಏಳ್ತಿಲ್ಲ" ಎನ್ನುತ್ತಾರಲ್ಲ, ಆ ಮಾತು. ನಿವೃತ್ತಳಾಗಿ ಚನ್ನಗಿರಿಯ ಮನೆಯಲ್ಲಿ ಕೂತಿದ್ದೇನೆ. ಈಗಲೂ ಅಕ್ಕಪಕ್ಕದಲ್ಲಿ ಯಾರಾದರೂ ಹಾಗಂದರೆ ಅಕ್ಕಿ ಆರಿಸುವ ಕೈ ಅಲ್ಲೇ ನಿಲ್ಲುತ್ತದೆ.

ಜಗಳೂರು, ಹೊನ್ನಾಳಿ, ನ್ಯಾಮತಿ, ಕೊನೆಗೆ ಚನ್ನಗಿರಿ, ಹೀಗೆ ಸರ್ಕಾರ ಕಳಿಸಿದ ಕಡೆ ನರ್ಸ್ ಆಗಿ ದುಡಿದೆ. ಯಾವಾಗ ಬಡ್ತಿ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬರೆದರೆ ನನಗೇ ಬೇಸರ. ಉಬ್ಬಸದವರ ಆಯಾಸ ಮತ್ತು ತೂಕಡಿಕೆಯ ವಿಷಯ ಮಾತ್ರ ಬರೆಯುತ್ತೇನೆ. ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಜಗಳೂರಿಗೆ ಬಂದ ಹೊಸತು. ಬಿಳಿಚೋಡು ಕಡೆಯಿಂದ ಕುರಿ ಕಾಯುವ ತಿಪ್ಪಜ್ಜನನ್ನು ಸೊಸೆ ಕರೆದುಕೊಂಡು ಬಂದಿದ್ದಳು. ಆಕೆಯ ದೂರು ಉಬ್ಬಸದ ಬಗ್ಗೆ ಆಗಿರಲೇ ಇಲ್ಲ. "ನಮ್ ಮಾವ ಕುಂತಲ್ಲೇ ತೂಕಡಿಸ್ತಾರ್ರೀ. ಕುರಿ ಹೋಗಿ ಯಾರದೋ ಹೊಲ ಮೇಯ್ತಾವೆ, ಜನ ಬಂದು ನಮ್ಮನ್ನ ಬೈತಾರೆ. ಭಾಳ ಸೋಮಾರಿ ಆಗ್ಯಾರೆ. ಚುರುಕಾಗೋ ಹಂಗೆ ಒಂದು ಸೂಜಿ ಚುಚ್ರಿ" ಎಂದಳು. ನನಗೆ ನಗು ಬಂತು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ನಗಲಿಲ್ಲ. ಅಜ್ಜನ ಪಕ್ಕ ಕೂತು, "ಅಜ್ಜಾ, ನೀನು ಬೆನ್ನು ನೆಲಕ್ಕೆ ಹಾಕಿ ಮಲಗಿ ಎಷ್ಟು ದಿನ ಆತು?" ಎಂದರು.

"ಮಲಗೋದಾ?" ಅಂದ ಅಜ್ಜ, ಅದು ಯಾರೋ ಶ್ರೀಮಂತರ ಸುದ್ದಿ ಎಂಬಂತೆ. "ಮಲಗಿದ್ರೆ ಎದಿ ಮ್ಯಾಲೆ ಜೋಳದ ಚೀಲ ಹೇರಿದಂಗೆ ಆಗತೈತೆ ತಾಯಿ. ಕಂಬಕ್ಕೆ ಒರಗಿ ಕುಂತಿರ್ತೀನಿ. ಮಲಗಿದ್ದು ಯಾವಾಗ ಅಂತ ನೆನಪಿಲ್ಲ."

ಸೊಸೆಯ ಮುಖ ಇಳಿದುಹೋಯಿತು. ಮಾವ ಕಂಬಕ್ಕೆ ಒರಗಿರುವುದನ್ನು ಆಕೆ ದಿನವೂ ನೋಡಿದ್ದಳು. ವಯಸ್ಸಾದವರ ರೂಢಿ ಅಂದುಕೊಂಡಿದ್ದಳಂತೆ. ಬೆಳಗ್ಗೆ ಎದ್ದಕೂಡಲೇ ತಲೆನೋವೆಂದು ಅಜ್ಜ ಟವೆಲ್ ಬಿಗಿಯುವುದನ್ನೂ ನೋಡಿದ್ದಳು, ಅದು ಶೋಕಿ ಅಂದುಕೊಂಡಿದ್ದಳು. ತೂಕಡಿಕೆ ಓಡಿಸಲು ಅಜ್ಜ ಮಾಡುತ್ತಿದ್ದ ಉಪಾಯ ಕೇಳಿ ನನಗೆ ಇನ್ನೂ ಗಾಬರಿಯಾಯಿತು. "ನಿದ್ದಿ ಬಂದಾಗ ಒಂದು ಬೀಡಿ ಎಳೀತೀನಿ, ಹಾರಿಹೋಗತೈತೆ" ಎಂದ. ಯಾವುದು ಅವನ ಎದೆ ಸುಟ್ಟಿತ್ತೋ ಅದನ್ನೇ ಔಷಧಿ ಮಾಡಿಕೊಂಡಿದ್ದ. ಒಂದೇ ಮನೆಯಲ್ಲಿ ಇಷ್ಟು ಜನ ಇದ್ದೂ ಒಬ್ಬ ಮನುಷ್ಯ ಮಲಗಿಯೇ ಇಲ್ಲ ಎಂಬುದು ಯಾರ ಗಮನಕ್ಕೂ ಬಾರದೆ ಹೋಗಬಹುದು ಎಂದು ನನಗೆ ಗೊತ್ತಾದದ್ದು ಅಂದು. ಆಮೇಲೆ ಯಾವ ರೋಗಿ ಬಂದರೂ, ಹೇಗೆ ಮಲಗುತ್ತೀರಿ, ಬೆಳಗ್ಗೆ ತಲೆ ನೋಯುತ್ತದಾ ಎಂದು ಕೇಳದೆ ಬಿಟ್ಟವಳಲ್ಲ. ನೀವೂ ಕೇಳಿ.

ಮೇಲಧಿಕಾರಿಗಳ ವಿಷಯಕ್ಕೆ ಬರುತ್ತೇನೆ. ಒಂದೂರಿನ ಆಸ್ಪತ್ರೆಗೆ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಊರು, ಹೆಸರು ಹೇಳುವುದಿಲ್ಲ, ಅವರ ಮೊಮ್ಮಕ್ಕಳು ಇದನ್ನು ಓದಿಬಿಟ್ಟಾರು. ಅವರಿಗೆ ವಾರ್ಡು ಎಂದರೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಇರಬೇಕು, ಒಂದು ಸುಕ್ಕೂ ಇರಬಾರದು. ಮೂಲೆಯ ಮಂಚದಲ್ಲಿ ಉಬ್ಬಸದ ರೋಗಿಯೊಬ್ಬರು ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈ ಊರಿ ಕೂತಿದ್ದರು. "ಇದೇನ್ರೀ, ಬಸ್ ಸ್ಟ್ಯಾಂಡಲ್ಲಿ ಕೂತಂಗೆ ಕೂತಿದ್ದಾರೆ? ಮಲಗಿಸ್ರಿ" ಎಂದು ಸಾಹೇಬರು ಗದರಿದರು. ನಾವು ಬಾಯಿ ಬಿಡುವಷ್ಟರಲ್ಲಿ ಆ ರೋಗಿಯೇ, ಪಾಪ, ನಮಗೆ ಬೈಗುಳ ಬೀಳಬಾರದೆಂದು ಅಂಗಾತ ಮಲಗಿಬಿಟ್ಟರು. ನೋಡನೋಡುತ್ತಿದ್ದಂತೆ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಎಲ್ಲರಿಗಿಂತ ಮೊದಲು ಹಾರಿಹೋಗಿ ಅವರನ್ನು ಎತ್ತಿ ಕೂರಿಸಿದವರು ಆ ಸಾಹೇಬರೇ. ರೋಗಿಯ ಬೆನ್ನು ತಮ್ಮ ಎದೆಗೆ ಆನಿಸಿಕೊಂಡು ಬಹಳ ಹೊತ್ತು ಕೂತಿದ್ದರು. ಸುಕ್ಕಿನ ಮಾತು ಮತ್ತೆ ಎತ್ತಲಿಲ್ಲ.

ಹೊನ್ನಾಳಿ ಕಡೆ ಇದ್ದಾಗಿನದು ಇನ್ನೊಂದು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡಿದ್ದ ಗೃಹಸ್ಥರೊಬ್ಬರು ನನ್ನ ಕಣ್ಣು ತಪ್ಪಿಸಿ ಕಂಬಳಿಯೊಳಗೆ ಬೀಡಿ ಹಚ್ಚಿದರು. ಭಗ್ ಎಂದಿತು. ಓಡಿಹೋಗಿ ನೋಡಿದರೆ ಊರಿಗೇ ಹೆಸರಾಗಿದ್ದ ಅವರ ಗಿರಿಜಾ ಮೀಸೆ ಇರಬೇಕಾದ ಜಾಗದಲ್ಲಿ ಸುಟ್ಟ ವಾಸನೆ ಮಾತ್ರ ಇತ್ತು. ದೇವರು ದೊಡ್ಡವನು, ಕಣ್ಣು ಉಳಿಯಿತು. "ಯಾಕ್ರೀ ಹಿಂಗೆ ಮಾಡಿದ್ರಿ?" ಎಂದು ನಾನು ಕಿರುಚಿದರೆ, "ಹಗಲೆಲ್ಲಾ ಮಂಪರು ಸಿಸ್ಟ್ರೇ, ಎಚ್ಚರ ಆಗ್ಲಿ ಅಂತ" ಎಂದರು. ಎಚ್ಚರವೇನೋ ಚೆನ್ನಾಗಿಯೇ ಆಗಿತ್ತು. ನಾನು ಮಾತ್ರ ಅಂದಿನಿಂದ ಉಬ್ಬಸದವರ ಕಂಬಳಿಯನ್ನು ಕೊಡವದೆ ಪಕ್ಕಕ್ಕೆ ಇಡಲಿಲ್ಲ.

ಆಗೆಲ್ಲ ಆಮ್ಲಜನಕ ಎಂದರೆ ಆಳೆತ್ತರದ ಕಬ್ಬಿಣದ ಸಿಲಿಂಡರು, ಅದನ್ನು ಉರುಳಿಸಿ ತರುವವರ ಸೊಂಟ ಹಿಡಿಯುತ್ತಿತ್ತು. ರೋಗಿಯ ಸ್ಥಿತಿ ಗೊತ್ತಾಗಬೇಕೆಂದರೆ ಉಗುರು ನೋಡಬೇಕು, ತುಟಿ ನೋಡಬೇಕು, ಮಾತಾಡಿಸಿ ನೋಡಬೇಕು. ಈಗ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬ ಅಂಕಿ ಬರುತ್ತದೆ. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಅಂಕಿಯನ್ನು ನೋಡುತ್ತಾ ಮನುಷ್ಯನನ್ನು ಮರೆತರೆ ಏನಾಗುತ್ತದೆ ಎಂಬುದನ್ನು ನ್ಯಾಮತಿಯ ಸೀಮೆಯಲ್ಲಿ ಕಣ್ಣಾರೆ ಕಂಡೆ.

ಮಲ್ಲೇಶಪ್ಪನವರದು ನ್ಯಾಮತಿಗೆ ಹತ್ತಿರದ ಹಳ್ಳಿ. ಹರೆಯದಿಂದ ಮೆಕ್ಕೆಜೋಳ ಒಕ್ಕುವ ಮೆಷಿನ್ ಹೊಡೆದವರು. ಸುಗ್ಗಿ ಬಂದರೆ ಆ ಧೂಳಿನಲ್ಲಿ ಅವರ ಮುಖವೇ ಕಾಣುತ್ತಿರಲಿಲ್ಲವಂತೆ. ಬೀಡಿಯೂ ಜೊತೆಗಿತ್ತು. ಅರವತ್ತು ದಾಟುವ ಹೊತ್ತಿಗೆ ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವ ಹಾಗಾಗಿತ್ತು. ಕೊರೊನಾ ಕಾಲದ ನಂತರ ಹಳ್ಳಿಯ ಮನೆಗಳಿಗೂ ಆಮ್ಲಜನಕದ ಯಂತ್ರ ಬಂದಿತ್ತಲ್ಲ, ಅವರ ಮನೆಯಲ್ಲೂ ಒಂದಿತ್ತು. ಕರೆಂಟಿಗೆ ಹಾಕಿದರೆ ಸುತ್ತಲಿನ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಪೆಟ್ಟಿಗೆ. ಅದರ ಮುಂದೆ ಅಂಕಿಯ ಗೆರೆ ಎಳೆದ ಪಾರದರ್ಶಕ ಕೊಳವೆ, ಕೊಳವೆಯೊಳಗೆ ಪುಟ್ಟ ಗುಂಡು, ಕೆಳಗೊಂದು ತಿರುಪು. ತಿರುಪು ತಿರುಗಿಸಿದಷ್ಟೂ ಗುಂಡು ಮೇಲೇರುತ್ತದೆ. ಮಲ್ಲೇಶಪ್ಪನವರಿಗೆ ಗುಂಡು ಒಂದರ ಗೆರೆ ದಾಟಬಾರದು ಎಂದು ನಮ್ಮ ಡಾಕ್ಟರು ಹೇಳಿದ್ದರು.

ಅವರ ಹೆಂಡತಿ ನಾಗಮ್ಮ. ಗಂಡನಿಗೆ ಉಸಿರಾಟದ ಕಷ್ಟಕ್ಕೆ ನಿದ್ದೆ ಇಲ್ಲ, ಗಂಡನ ಉಸಿರು ಕೇಳಿಸಿಕೊಳ್ಳುತ್ತಾ ಈಕೆಗೂ ನಿದ್ದೆ ಇಲ್ಲ. ಪ್ರತಿ ಸಲ ಮನೆ ಭೇಟಿಗೆ ಹೋದಾಗ ಆಕೆಯ ಕಣ್ಣ ಕೆಳಗಿನ ಕಪ್ಪು ಇನ್ನಷ್ಟು ಅಗಲವಾಗಿರುತ್ತಿತ್ತು. "ನೀವೂ ಒಂದು ಗಳಿಗೆ ಮಲಗ್ರಮ್ಮಾ" ಎಂದರೆ, "ನಾನು ಮಲಗಿದಾಗ ಇವರ ಉಸಿರು ನಿಂತ್ರೆ?" ಎನ್ನುತ್ತಿದ್ದಳು.

ಒಂದು ದಿನ ಹೋದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಅದೊಂದು ದೊಡ್ಡ ತಪ್ಪು. ಬ್ರೆಡ್ಡು, ಎಳನೀರು ಹಿಡಿದುಕೊಂಡು ನೆಂಟರಿಷ್ಟರು ಪಡಸಾಲೆ ತುಂಬಿದ್ದರು. ನಾಗಮ್ಮ ತಲೆ ಬಾಚಿಕೊಂಡು, ಹೂ ಮುಡಿದು, ಎಲ್ಲರಿಗೂ ಕಾಫಿ ಕೊಡುತ್ತಿದ್ದಳು. ನನ್ನನ್ನು ನೋಡಿದವಳೇ, "ಬರ್ರಿ ಸಿಸ್ಟ್ರೇ! ನಮ್ಮನೇರು ಎಂಥಾ ನಿದ್ದೆ ಮಾಡ್ತಾ ಅದಾರೆ ಅಂತೀರಿ! ಮಾತಾಡಿಸಿದ್ರೂ ಏಳ್ತಿಲ್ಲ. ನಾನೂ ಒಂದು ನಿದ್ದೆ ತೆಗೆದೆ ನೋಡ್ರಿ, ಎಷ್ಟು ತಿಂಗಳಾಗಿತ್ತೋ" ಎಂದಳು.

ಕೈಚೀಲ ಅಲ್ಲೇ ಬಿಟ್ಟು ನಾನು ಮಂಚದ ಕಡೆ ಓಡಿದೆ.

ಮಲ್ಲೇಶಪ್ಪನವರ ಮುಖ ಕೆಂಪಗೆ ತುಂಬಿಕೊಂಡಿತ್ತು. ಕೈ ಬೆಚ್ಚಗಿತ್ತು. ಬೆರಳಿನ ಕ್ಲಿಪ್ಪು ತೊಂಬತ್ತೊಂಬತ್ತು ತೋರಿಸುತ್ತಿತ್ತು. "ನೂರಕ್ಕೆ ತೊಂಬತ್ತೊಂಬತ್ತು! ನಮ್ ಭಾವ ಫಸ್ಟ್ ಕ್ಲಾಸಲ್ಲಿ ಪಾಸು" ಎಂದು ನಾಗಮ್ಮನ ಅಣ್ಣ ಷಣ್ಮುಖಪ್ಪ ಎಲ್ಲರಿಗೂ ಸಾರುತ್ತಿದ್ದ. ನಾನು ಯಂತ್ರದ ಕಡೆ ನೋಡಿದೆ. ಗುಂಡು ಕೊಳವೆಯ ನೆತ್ತಿಗೆ ಹೋಗಿ ಅಂಟಿಕೊಂಡಿತ್ತು.

"ಇದನ್ನ ಯಾರು ತಿರುಗಿಸಿದ್ದು?"

ಷಣ್ಮುಖಪ್ಪ ಹೆಮ್ಮೆಯಿಂದಲೇ ಹೇಳಿದ. "ನಾನೇ ಬಂದಾಗ ಒಂದು ಸುತ್ತು ತೆಗೆದೆ. ಬೋರಿನ ಗೇಟ್ ವಾಲ್ವ್ ಇಷ್ಟೇ ಇಷ್ಟು ತೆಗೆದ್ರೆ ಕೊನೇ ಸಾಲಿಗೆ ನೀರು ಮುಟ್ಟತೈತಾ ಸಿಸ್ಟ್ರೇ?" ಪಕ್ಕದ ಮನೆಯಾಕೆ, "ನಾನೂ ಒಂಚೂರು ತಿರುಗಿಸಿದ್ದೆ" ಎಂದಳು. ಇನ್ನೊಬ್ಬರೂ ಹೌದೆಂದರು. ಹೊಲಕ್ಕೆ ನೀರು ಬಿಡುವ ಕೈಗಳು. ನೋಡಲು ಬಂದವರೆಲ್ಲ ಪ್ರೀತಿಯಿಂದ ಒಂದೊಂದು ಸುತ್ತು ಏರಿಸಿದ್ದರು. ಕೊನೆಗೆ ನಾಗಮ್ಮ ಮೆಲ್ಲಗೆ, "ಇವತ್ತು ಬೆಳಗ್ಗೆ ನಾನೂ..." ಎಂದಳು.

ಇದು ಏಕೆ ಗಂಡಾಂತರವೆಂದು ನಿಮಗೆ ಸರಳವಾಗಿ ಹೇಳುತ್ತೇನೆ. ನಾವು ಹೊರಗೆ ಬಿಡಬೇಕಾದ ಕೆಟ್ಟ ಗಾಳಿ ಕೆಲವು ಹಳೆಯ ಉಬ್ಬಸದವರ ಎದೆಯಿಂದ ಪೂರ್ತಿ ಹೊರಗೆ ಹೋಗುವುದಿಲ್ಲ. ಅಂಥವರಿಗೆ ಆಮ್ಲಜನಕ ಅಳತೆ ಮೀರಿ ಕೊಟ್ಟರೆ ಆ ಕೆಟ್ಟ ಗಾಳಿ ರಕ್ತದಲ್ಲಿ ಏರುತ್ತಾ ಹೋಗಿ ಮೆದುಳಿಗೆ ಮಂಕು ಕವಿಸುತ್ತದೆ. ನೋಡುವವರಿಗೆ ಅದು ಸುಖನಿದ್ದೆಯಂತೆ ಕಾಣುತ್ತದೆ, ಮುಖಕ್ಕೆ ಕಳೆ ಬಂದಂತೆ ಕಾಣುತ್ತದೆ. ಕ್ಲಿಪ್ಪಿಗೆ ಕೆಟ್ಟ ಗಾಳಿ ಕಾಣುವುದಿಲ್ಲ, ಅದು ತೊಂಬತ್ತೊಂಬತ್ತು ಎಂದು ಹೊಗಳುತ್ತಲೇ ಇರುತ್ತದೆ. ಇದನ್ನು ತರಬೇತಿಯಲ್ಲಿ ಕೇಳಿದ್ದೆ. ಹೂ ಮುಡಿದು ಕಾಫಿ ಹಂಚುವ ಹೆಂಡತಿಯ ಮುಂದೆ ಅದು ನಡೆಯುತ್ತದೆಂದು ಯಾವ ತರಬೇತಿಯೂ ಹೇಳಿರಲಿಲ್ಲ.

"ಮಲ್ಲೇಶಪ್ಪಾರೇ!" ಎಂದು ಕೂಗಿ ಭುಜ ಹಿಡಿದು ಅಲುಗಿಸಿದೆ. ಕಣ್ಣು ಅರ್ಧ ತೆರೆದು ಏನೋ ತೊದಲಿ ಮತ್ತೆ ಮುಚ್ಚಿದರು. ಕೈ ಎತ್ತಿ ಹಿಡಿದರೆ ಮಣಿಕಟ್ಟು ಪಟಪಟ ಅದುರಿ ಬೀಳುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಪೂರ್ತಿ ತೆಗೀಬೇಡಿ ಸಿಸ್ಟರ್, ಒಂದಕ್ಕೆ ಇಳಿಸಿ. ಅಂಕಿ ತೊಂಬತ್ತರ ಆಸುಪಾಸು ಇದ್ರೆ ಸಾಕು. ಕೂರಿಸಿ, ಮಾತಾಡಿಸ್ತಾ ಇರಿ. ಆಂಬುಲೆನ್ಸ್ ಕಳಿಸ್ತಿದೀನಿ" ಎಂದರು.

ನಾನು ತಿರುಪು ಇಳಿಸಿದೆ. ಗುಂಡು ಇಳಿಯಿತು. ಸ್ವಲ್ಪ ಹೊತ್ತಿಗೆ ಕ್ಲಿಪ್ಪಿನ ಅಂಕಿಯೂ ಇಳಿಯತೊಡಗಿತು. ತೊಂಬತ್ತೇಳು, ತೊಂಬತ್ತೈದು, ತೊಂಬತ್ತಮೂರು. ಪಡಸಾಲೆಯ ಜನರೆಲ್ಲ ಅದನ್ನೇ ನೋಡುತ್ತಿದ್ದರು. ಷಣ್ಮುಖಪ್ಪ ಧಾವಿಸಿ ಬಂದು ನನ್ನ ಮಣಿಕಟ್ಟು ಹಿಡಿದುಬಿಟ್ಟ.

"ಏನ್ ಮಾಡ್ತಿದೀರಿ ನೀವು? ಗಾಳಿ ಕಮ್ಮಿ ಮಾಡಿ ನಮ್ ಭಾವನ್ನ ಸಾಯಿಸ್ತೀರಾ?"

ಕುಡಿದು ಬಂದವರು ಬೈದಿದ್ದಾರೆ, ಹೆರಿಗೆ ನೋವಿನಲ್ಲಿ ಒದ್ದವರಿದ್ದಾರೆ. ನನ್ನ ಕೈಯನ್ನು ಮಾತ್ರ ಅದುವರೆಗೆ ಯಾರೂ ಹಿಡಿದು ತಡೆದಿರಲಿಲ್ಲ. ನಾಗಮ್ಮ ಕೈಮುಗಿದಳು. "ಬ್ಯಾಡ್ರಿ ಸಿಸ್ಟ್ರೇ. ಈಗ ಮಲಗ್ಯಾರೆ ಪುಣ್ಯಾತ್ಮ. ಎಬ್ಬಿಸಬ್ಯಾಡ್ರಿ."

ಆಗ ಫೋನಿನೊಳಗಿನಿಂದ ಡಾಕ್ಟರು ಕಿರುಚಿದರು. "ಅದು ನಿದ್ದೆ ಅಲ್ಲಮ್ಮಾ! ಹಂಗೇ ಬಿಟ್ರೆ ಅವರು ಏಳೋದೇ ಇಲ್ಲ!"

ನಾಗಮ್ಮ ಬಂದು ನನ್ನ ಮಣಿಕಟ್ಟಿನ ಮೇಲಿದ್ದ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾನೂ ತಿರುಗಿಸಿದೆ ಅಣ್ಣಾ" ಎಂದಳು, ಅಷ್ಟೇ. ಷಣ್ಮುಖಪ್ಪ ಅಲ್ಲೇ ಕುಸಿದು ಕೂತ. ಅವನ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಭಾವನನ್ನು ಉಳಿಸಲೆಂದೇ ಹಿಡಿದಿದ್ದ ಕೈ ಅದು.

ಆಂಬುಲೆನ್ಸ್ ಬರುವವರೆಗೂ ಅವರನ್ನು ಕೂರಿಸಿಕೊಂಡು ಎಲ್ಲರೂ ಕೂಗುತ್ತಲೇ ಇದ್ದೆವು. ದೊಡ್ಡಾಸ್ಪತ್ರೆಯಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕ್ ಬಿಗಿದು, ಒತ್ತಡ ಕೊಟ್ಟು ಉಸಿರಾಡಿಸುವ ಯಂತ್ರಕ್ಕೆ ಹಾಕಿದರು. ಮಾರನೆಯ ದಿನ ಮಲ್ಲೇಶಪ್ಪನವರು ಕಣ್ಣು ಬಿಟ್ಟು ಒಗ್ಗರಣೆ ಮಂಡಕ್ಕಿ ಕೇಳಿದರು ಎಂಬ ಸುದ್ದಿ ಬಂದಾಗ ನಾನು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆ ಏನಿಲ್ಲ, ನೀವೂ ಅಳುತ್ತೀರಿ.

ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಮನೆಗೆ ಹೋದ ಕೆಲವು ವಾರಗಳಲ್ಲಿ ಮಲ್ಲೇಶಪ್ಪನವರು ತಪಾಸಣೆಗೆ ಬಂದರು. ನೋಡಿ ಹೌಹಾರಿದೆ. ಕಣ್ಣು ಕೆಂಡದುಂಡೆ. ಹೆಜ್ಜೆ ಎತ್ತಿಡಲು ಆಗುತ್ತಿಲ್ಲ. ಒಂದು ಮಾತು ಶುರು ಮಾಡಿ ಅರ್ಧಕ್ಕೇ ತಲೆ ವಾಲಿಸುತ್ತಿದ್ದರು. ಮತ್ತೆ ಯಾರೋ ತಿರುಪು ಏರಿಸಿದ್ದಾರೆಂದು ಹೆದರಿ ಕೇಳಿದರೆ, ಗುಂಡು ಒಂದರಲ್ಲೇ ಇದೆಯಂತೆ, ತಿರುಪಿನ ಮೇಲೆ ನಾಗಮ್ಮ ಗಾಯದ ಪಟ್ಟಿ ಅಂಟಿಸಿಬಿಟ್ಟಿದ್ದಾಳಂತೆ. ಪರೀಕ್ಷೆಯಲ್ಲೂ ಹೊಸದೇನೂ ಕಾಣಲಿಲ್ಲ. ನಾಗಮ್ಮ ಔಷಧಿ ತರಲು ಹೊರಗೆ ಹೋದದ್ದೇ ತಡ, ಮಲ್ಲೇಶಪ್ಪನವರು ನನ್ನ ಸೆರಗು ಹಿಡಿದು ಎಳೆದಂತೆ ಕರೆದರು.

"ಸಿಸ್ಟ್ರೇ, ನಂಗೇನೂ ಆಗಿಲ್ರೀ. ಆಕೆ ಮಲಗಾಕೆ ಬಿಡೋದೇ ಇಲ್ಲ."

"ಅಂದ್ರೆ?"

"ಕಣ್ಣು ಮುಚ್ಚಿದ್ರೆ ಸಾಕು, ತಣ್ಣೀರು ಬಟ್ಟೆ ತಂದು ಮುಖಕ್ಕೆ ಒತ್ತುತಾಳೆ. ಎಬ್ಬಿಸಿ ಕೂರಿಸ್ತಾಳೆ. ತಲೆ ಸರಿ ಐತೋ ಇಲ್ವೋ ಅಂತ ಪರೀಕ್ಷೆ ಮಾಡಾಕೆ, ನಮ್ ಮದುವೇಗೆ ಯಾರ್ಯಾರು ಬಂದಿದ್ರು ಹೇಳ್ರಿ ಅಂತಾಳೆ. ಮದುವೇಲಿ ಯಾರು ಬಂದಿದ್ರೋ ನಂಗೆ ಆವತ್ತೇ ಗೊತ್ತಿರಲಿಲ್ಲ!"

ಅವತ್ತು ಫೋನಿನಲ್ಲಿ ಡಾಕ್ಟರು ಕಿರುಚಿದ ಒಂದು ಮಾತಿನಿಂದ ಆ ಹೆಂಗಸಿನ ಮನಸ್ಸಿನಲ್ಲಿ ನಿದ್ದೆ ಎಂದರೆ ಸಾವು ಎಂದು ಕೂತುಬಿಟ್ಟಿತ್ತು. ಸಾಯುವವರನ್ನು ಬದುಕಿಸಿದೆವೆಂದು ನಾವು ಬೀಗುತ್ತಿದ್ದಾಗ ಆ ಮನೆಯಲ್ಲಿ ಇಬ್ಬರೂ ನಿದ್ದೆಗೆಟ್ಟು ಸವೆಯುತ್ತಿದ್ದರು. ಡಾಕ್ಟರು ವಿಷಯ ಕೇಳಿ ಸ್ಟೂಲು ಎಳೆದುಕೊಂಡು ನಾಗಮ್ಮನ ಎದುರಿಗೇ ಕೂತರು. "ಅವತ್ತು ಗಾಬರೀಲಿ ಕಿರುಚಿಬಿಟ್ಟೆ ಅಮ್ಮಾ. ಈಗ ಸಮಾಧಾನವಾಗಿ ಹೇಳ್ತೀನಿ ಕೇಳಿ" ಎಂದರು. ಮಾಮೂಲಿ ದನಿಯಲ್ಲಿ ಕರೆದಾಗ ಎಚ್ಚರವಾಗಿ, ಗುರುತು ಹಿಡಿದು, ಸರಿಯಾಗಿ ಮಾತಾಡಿದರೆ ಅದು ನಿದ್ದೆ, ಮಲಗಲು ಬಿಡಬೇಕು. ಅಲುಗಿಸಿದರೂ ಏಳದಿದ್ದರೆ, ತೊದಲಿದರೆ, ಬೆಳಗ್ಗೆ ತಲೆನೋವಿನ ಜೊತೆ ಮಂಕು ಕವಿದಿದ್ದರೆ, ಕೈ ಅದುರಿದರೆ ತಡಮಾಡದೆ ಫೋನ್ ಮಾಡಬೇಕು. ನಿದ್ದೆ ಬರಲೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿಸಬಾರದು, ಅದೂ ಉಸಿರನ್ನೇ ಹಿಡಿಯುತ್ತದೆ.

ಆಯಾಸದ ಪಾಠ ನನ್ನ ಪಾಲಿಗೆ ಬಂತು. ಸ್ಟೂಲಿನ ಮೇಲೆ ಕೂತು ಸ್ನಾನ, ಸುಸ್ತಾಗುವ ಮೊದಲೇ ವಿಶ್ರಾಂತಿ, ಹೊಟ್ಟೆ ಬಿರಿಯುವ ಹಾಗೆ ಒಮ್ಮೆಲೇ ಉಣ್ಣದೆ ಸ್ವಲ್ಪ ಸ್ವಲ್ಪ ಊಟ, ನಡೆಯುವಾಗ ಬಿಸಿ ಹಾಲು ಆರಿಸುವಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದು. ಮಲ್ಲೇಶಪ್ಪನವರು ಅಲ್ಲೇ ಊದಿ ತೋರಿಸಿದರು. ನಾಗಮ್ಮ ಕೇಳಿದ್ದು ಬೇರೆಯೇ.

"ಕರೆದಾಗ ಇವರು ಎದ್ದು ಬೈದ್ರೆ ಚೆನ್ನಾಗದಾರೆ ಅಂತಾನಾ?"

"ಹೂಂ ಅಮ್ಮಾ."

"ಹಂಗಾದ್ರೆ ಮದುವೆ ಆದಾಗಿಂದ ಭಾಳ ಚೆನ್ನಾಗದಾರೆ ಬಿಡ್ರಿ."

ಡಾಕ್ಟರು ಸ್ಟೂಲಿನಿಂದ ಬೀಳುವಷ್ಟು ನಕ್ಕರು. ಆದರೂ ಆಕೆಯ ಹೆದರಿಕೆ ಆ ನಗುವಿನಿಂದ ಹೋಗಲಿಲ್ಲವೆಂದು ನನಗೆ ಗೊತ್ತಿತ್ತು. ಹಾಗಾಗಿ ಮುಂದಿನ ಮನೆ ಭೇಟಿಗೆ ಕಾಯದೆ ಒಂದು ಮಧ್ಯಾಹ್ನ ನಾನೇ ಬಸ್ಸು ಹತ್ತಿ ಹೋದೆ.

ಬಾಗಿಲು ತೆರೆದಿತ್ತು. ಯಂತ್ರದ ಗುಂಯ್ ಸದ್ದು ಬಿಟ್ಟರೆ ಒಳಗೆ ಮಾತಿಲ್ಲ. "ನಾಗಮ್ಮಾ" ಎಂದೆ, ಉತ್ತರವಿಲ್ಲ. ಮಂಚ ನೋಡಿದೆ, ಖಾಲಿ. ಇನ್ನೆರಡು ಹೆಜ್ಜೆ ಒಳಗಿಟ್ಟರೆ, ನೆಲದ ಮೇಲೆ ಚಾಪೆಯಲ್ಲಿ ನಾಗಮ್ಮ ಬಿದ್ದಿದ್ದಳು. ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಚಾಪೆಯಿಂದ ಹೊರಗೆ ಚೆಲ್ಲಿತ್ತು. ಮಲ್ಲೇಶಪ್ಪನವರು ಮೂಗಿನ ಕೊಳವೆ ಎಷ್ಟು ದೂರ ಬರುತ್ತದೋ ಅಷ್ಟು ದೂರ ಎಳೆದುಕೊಂಡು ಬಂದು ಆಕೆಯ ತಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಏದುಸಿರು ಬಿಡುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಮಲಗ್ಯಾಳೆ" ಎಂದು ಪಿಸುಗುಟ್ಟಿದರು. "ಭಾಳ ಹೊತ್ತಾತು. ಕರೆದು ನೋಡಾನ ಅಂದ್ರೆ ಮನಸು ಬರವಲ್ದು. ಉಸಿರು ಸರಿ ಐತಲ್ರೀ ಆಕೀದು? ನೋಡ್ರಿ ಒಂದೀಟು."

ನಾನು ಮಂಡಿಯೂರಿ ಕೂತು ನಾಗಮ್ಮನ ಬೆರಳಿಗೆ ಕ್ಲಿಪ್ಪು ಹಾಕಿದೆ. ಆಕೆ ಸಣ್ಣಗೆ ಗೊಣಗಿ ಮಗ್ಗುಲು ಬದಲಿಸಿದಳು. ತೊಂಬತ್ತೆಂಟು ಎಂದೆ. ಮಲ್ಲೇಶಪ್ಪನವರು ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಟ್ಟರು. ಅವರ ಕಣ್ಣುಗಳು ತಾವಾಗಿಯೇ ಮುಚ್ಚಿಹೋಗುತ್ತಿದ್ದವು. ಮಂಚಕ್ಕೆ ಹೋಗಿ ಮಲಗಿ ಎಂದರೆ ತಲೆ ಅಲ್ಲಾಡಿಸಿದರು.

"ನಾನು ಮಲಗಿದ್ರೆ ನೋಡಾಕೆ ಆಕೆ ಇದ್ಲು. ಆಕೆ ಮಲಗಿದಾಗ ನೋಡಾಕೆ ಯಾರಾದ್ರೂ ಬ್ಯಾಡೇನ್ರೀ?"

ಅಷ್ಟು ವರ್ಷದ ಸೇವೆಯಲ್ಲಿ ಇದನ್ನು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಅವರ ತೋಳು ಹಿಡಿದು ಎಬ್ಬಿಸಿ, ಮಂಚದ ಮೇಲೆ ಬೆನ್ನಿಗೆ ದಿಂಬುಗಳನ್ನು ಎತ್ತರಿಸಿ ಒರಗಿಸಿದೆ. "ನಾನು ಇದೀನಿ ಮಲಗ್ರಿ" ಎಂದೆ. "ಹೋಗಿಬಿಡ್ತೀರಿ ನೀವು" ಎಂದರು. "ಹೋಗಲ್ಲ" ಎಂದೆ. ಅವರಿಗೆ ನಿದ್ದೆ ಹತ್ತಿತು. ಎರಡು ಸಲ ಹೆಸರು ಹಿಡಿದು ಕರೆದೆ. ಎರಡೂ ಸಲ ಕಣ್ಣು ತೆರೆಯದೆಯೇ "ಏನ್ರೀ ನಿಮ್ದು?" ಎಂದು ರೇಗಿದರು. ನ್ಯಾಮತಿಗೆ ಹೋಗುವ ಬಸ್ಸು ಹಾರ್ನ್ ಹೊಡೆದುಕೊಂಡು ಮನೆಯ ಮುಂದೆಯೇ ಹೋಯಿತು. ನಾನು ಇಬ್ಬರ ನಡುವೆ ಗೋಡೆಗೆ ಒರಗಿ, ಒಮ್ಮೆ ಮಂಚದ ಕಡೆ ಒಮ್ಮೆ ಚಾಪೆಯ ಕಡೆ ನೋಡುತ್ತಾ ಕೂತೆ.